ಅಂಡಕದ ಬೆನ್ನು ಯಾವ ಕಡೆ

ಸೋಮವಾರ ಬೆಳಿಗ್ಗೆ, ಆಗ ತಾನೇ ಒರೆಸಿದ ನೆಲದ ಮೇಲೆ ಕೆಂಪು ಮಣ್ಣಿನ ಬೂಟು ಮೆಟ್ಟಿಕೊಂಡು ಒಬ್ಬ ಗಂಡಸು, ಒಣಗಿಸಿದ ಗಿಡಗಳನ್ನು ಕಾಪಿಡುವ ಹರ್ಬೇರಿಯಂ ಒಳಗೆ ನಡೆದು ಬಂದ. ಮಿಗ್ದಾಲಿಯಾ ರೋಹಾಸ್ ಮೈಕ್ರೋಸ್ಕೋಪಿನಿಂದ ಕಣ್ಣು ಕೀಳಲೇ ಇಲ್ಲ.

"ಫ್ಯಾನ್ ರಿಪೇರಿಯವ್ರಾ? ಹೇಳಿ ಕಳಿಸಿ ಮೂರು ವಾರ ಆಯ್ತು! ಅಲ್ಲಿದೆ ನೋಡಿ, ಕಿಟಕಿ ಹತ್ರ. ಸ್ಕ್ರೂಡ್ರೈವರ್ ಡ್ರಾಯರ್‌ನಲ್ಲಿದೆ."

ಅವನು ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಚೀಲ ಕೆಳಗಿಟ್ಟು, ಫ್ಯಾನ್ ಬಿಚ್ಚಿ ಕೂತ. ಕಾಲು ಗಂಟೆಯಲ್ಲಿ ಫ್ಯಾನ್ ತಿರುಗಿತು. ತಿರುಗಿದ ರಭಸಕ್ಕೆ ಮಿಗ್ದಾಲಿಯಾಳ ಮೇಜಿನ ಮೇಲಿದ್ದ ಹಾಳೆಗಳೆಲ್ಲ ಕೋಣೆ ತುಂಬ ಹಾರಿದವು.

"ಅಯ್ಯೋ, ಹಿಡ್ಕೊಳ್ರೀ! ಶುಕ್ರವಾರ ಓದಬೇಕಾದ ಲೇಖನ ಅದು!"

ಇಬ್ಬರೂ ಮಂಡಿಯೂರಿ ಹಾಳೆ ಹೆಕ್ಕಿದರು. ಕೊನೆಯ ಹಾಳೆ ಅವನ ಕೈಯಲ್ಲಿತ್ತು. ಅವನು ಅದನ್ನು ಕೊಡಲಿಲ್ಲ, ನಿಧಾನವಾಗಿ ಓದಿದ.

"ಸಂಗ್ರಹ ಸಂಖ್ಯೆ ಸಾವಿರದ ನೂರ ನಲವತ್ತೇಳು. ಸಂಗ್ರಹಿಸಿದವರು ಎವೆಲಿಯೊ ಲೆಯ್ವಾ." ತಲೆಯೆತ್ತಿ ನೋಡಿದ. "ಅದು ನಾನೇ. ಫ್ಯಾನ್ ರಿಪೇರಿಯವನಲ್ಲ."

ಮಿಗ್ದಾಲಿಯಾ ನೆಲದ ಮೇಲೇ ಕೂತುಬಿಟ್ಟಳು.

ನಾಲ್ಕು ವರ್ಷದಿಂದ ಮೋವಾ ಬೆಟ್ಟಗಳಿಂದ ಈ ಲೆಯ್ವಾನ ಪಾರ್ಸೆಲ್‌ಗಳು ಓಲ್ಗಿನ್ ಊರಿನ ಈ ಹರ್ಬೇರಿಯಂಗೆ ಬರುತ್ತಿದ್ದವು. ಒತ್ತಿ ಒಣಗಿಸಿದ ಒಂದೊಂದು ರೆಂಬೆಯ ಜೊತೆಗೂ ಒಂದು ಚೀಟಿ. ಬೇರೆಯವರ ಚೀಟಿಯಲ್ಲಿ "ಪೊದೆ, ಎರಡು ಮೀಟರ್" ಎಂದಷ್ಟೇ ಇದ್ದರೆ ಇವನ ಚೀಟಿಯಲ್ಲಿ "ಗಾಳಿ ಬಂದರೆ ಎಲೆ ತಗಡಿನಂತೆ ಸದ್ದು ಮಾಡುತ್ತದೆ" ಎಂದಿರುತ್ತಿತ್ತು. "ಹೂವಿಗೆ ಜೇನಿನ ವಾಸನೆ, ಮಧ್ಯಾಹ್ನ ಮಾತ್ರ" ಎಂದಿರುತ್ತಿತ್ತು. ಅವನ ಪಾರ್ಸೆಲ್ಲನ್ನು ಬಿಚ್ಚಲು ಅವಳು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಬರೆದವನು ಅರವತ್ತರ ಮುದುಕ, ಬಾಯಲ್ಲಿ ಹಲ್ಲಿಲ್ಲ, ಚುಟ್ಟಾ ಇದೆ ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಈಗ ಎದುರಿಗಿದ್ದವನಿಗೆ ಮೂವತ್ತನಾಲ್ಕೋ ಮೂವತ್ತೈದೋ. ಹಲ್ಲು ಎಲ್ಲವೂ ಇದ್ದವು, ಅವನ್ನು ತೋರಿಸಿಕೊಂಡು ನಗುತ್ತಲೂ ಇದ್ದ.

"ನೀವೂ ಡಾಕ್ಟ್ರು ರೋಹಾಸ್ ಥರ ಇಲ್ಲ," ಎಂದ. "ದಪ್ಪ ಕನ್ನಡಕ, ಬಿಳೀ ಕೂದ್ಲು ಅಂದ್ಕೊಂಡಿದ್ದೆ. ಬೈಯೋದು ಮಾತ್ರ ಅಂದ್ಕೊಂಡ ಹಾಗೇ ಇದೆ."

"ನಾನ್ಯಾವಾಗ ಬೈದೆ?"

"ಹೋದ ಡಿಸೆಂಬರ್‌ನಲ್ಲಿ. 'ಸಂಗ್ರಹಕಾರರು ತಮ್ಮ ಅಭಿಪ್ರಾಯ ಬರೆಯುವ ಅಗತ್ಯವಿಲ್ಲ.' ಕಾಗದ ಇನ್ನೂ ಇಟ್ಕೊಂಡಿದ್ದೀನಿ."

ಅವಳ ಮುಖ ಬಿಸಿಯಾಯಿತು. ಸಾವಿರದ ನೂರ ನಲವತ್ತೇಳನೇ ಚೀಟಿಯಲ್ಲಿ ಅವನು "ಇದು ಬಾಕ್ಸ್ ಮರ" ಎಂದು, ಗಟ್ಟಿ ಹಳದಿ ಮರದ ಒಂದು ಬಳಗದ ಹೆಸರು ಹೇಳಿ, ಬರೆದಿದ್ದ. ಅದಕ್ಕೆ ಅವಳು ಕೊಟ್ಟ ಉತ್ತರ ಅದು.

ಮಿಗ್ದಾಲಿಯಾಗೆ ಸೊಕ್ಕು ಎಂದು ಹರ್ಬೇರಿಯಂನ ಹನ್ನೊಂದು ಜನರೂ ಹೇಳುತ್ತಿದ್ದರು. ಇತ್ತು, ಇಲ್ಲ ಅನ್ನಬಾರದು. ಯಾಕಿರಬಾರದು ಹೇಳಿ? ಕಬ್ಬು ಕಡಿಯುವವನ ಮಗಳು, ತೋಳಿಲ್ಲದ ಕುರ್ಚಿಯಲ್ಲಿ ಕೂತು, ಕರೆಂಟು ಹೋದಾಗ ಕಿಟಕಿ ಬೆಳಕಿನಲ್ಲಿ ಹೂವು ಸೀಳಿ ಕಲಿತವಳು. ಈ ಪ್ರಾಂತ್ಯದ ಗಿಡಗಳಿಗೆ ಹೆಸರಿಡಲು ಇಷ್ಟು ವರ್ಷ ಹವಾನಾದವರು ಬಂದರು, ಹಡಗು ಹತ್ತಿ ಜರ್ಮನರು ಬಂದರು. ಇಲ್ಲಿಯವರು ಒಬ್ಬರೂ ಒಂದು ಹೊಸ ಕುಲವನ್ನು, ಪ್ರಭೇದಕ್ಕಿಂತ ದೊಡ್ಡ ಗುಂಪೊಂದನ್ನು, ಕಂಡುಹಿಡಿದು ಹೆಸರಿಟ್ಟಿರಲಿಲ್ಲ. ಈ ಶುಕ್ರವಾರ ಅವಳು ಇಡುವವಳಿದ್ದಳು. ಹವಾನಾದಿಂದ ಇಬ್ಬರು ಹಿರಿಯರು ಕೇಳಲು ಬರುವವರಿದ್ದರು.

"ನಿಮ್ಮ ಮರ ಬಾಕ್ಸ್ ಅಲ್ಲ," ಎಂದಳು. "ನೆಲ್ಲಿ ಬಳಗದ್ದು. ಆ ಬಳಗದಲ್ಲೇ ಹೊಸ ಕುಲ. ನಾನು ಅಂಡಕ ನೋಡಿದ್ದೀನಿ."

"ನಾನು ಮರ ನೋಡಿದ್ದೀನಿ. ನಮ್ಮಪ್ಪ ಬಾಚಣಿಗೆ ಕೆತ್ತೋರು. ಮೋವಾದಲ್ಲಿ ಬಾಕ್ಸ್ ಮರ ಬಿಟ್ಟು ಬೇರೆ ಯಾವುದೂ ಅವರ ಉಳಿಗೆ ಹಾಗೆ ಸದ್ದು ಮಾಡಲ್ಲ. ಹಳದಿ, ಮೂಳೆ ಥರ."

"ಉಳಿ ಸದ್ದು ಕೇಳಿ ಕುಟುಂಬ ಹೇಳೋಕಾಗಲ್ಲ ರೀ."

"ಮತ್ತೆ ಯಾವುದರಿಂದ ಹೇಳ್ತಾರೆ? ನನಗೂ ಅರ್ಥ ಆಗೋ ಹಾಗೆ ಹೇಳಿ ನೋಡೋಣ."

ಅವಳು ಸುತ್ತ ನೋಡಿದಳು. ತೋರಿಸಲು ಏನೂ ಸಿಗಲಿಲ್ಲ. "ಕೈ ಕೊಡಿ," ಎಂದು ಅವನ ಬಲಗೈಯನ್ನು ಎಳೆದುಕೊಂಡು, ಹಿಂಗೈ ಮೇಲೆ ಮಣಿಕಟ್ಟಿನಿಂದ ಬೆರಳಿನವರೆಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಅವನ ಕೈಯನ್ನು ಬೀರುವಿನ ಅಂಚಿಗೆ ನೇತುಹಾಕಿದಂತೆ ಹಿಡಿದಳು.

"ಅಂಡಾಶಯದ ನಡುವೆ ಒಂದು ಕಂಬ ಇದೆ ಅಂದ್ಕೊಳ್ಳಿ. ಈ ಬೀರುವೇ ಕಂಬ. ಅದರಿಂದ ಅಂಡಕ ಹೀಗೆ ನೇತಾಡತ್ತೆ. ಬೆಳೆದು ಬೀಜ ಆಗೋದು ಇದೇ. ಇದರ ಬೆನ್ನ ಮೇಲೆ ಒಂದು ಗೆರೆ ಇರತ್ತೆ. ಬೆನ್ನು ಕಂಬದ ಕಡೆ ಇದ್ರೆ ಎಪಿಟ್ರೋಪಸ್, ಅಂದ್ರೆ ನೆಲ್ಲಿ ಬಳಗ." ಅವನ ಮುಂಗೈಯನ್ನು ಹೊರಳಿಸಿದಳು. "ಬೆನ್ನು ಹೀಗೆ ಹೊರಗಡೆಗಿದ್ರೆ ಅಪೋಟ್ರೋಪಸ್. ಬಾಕ್ಸ್."

"ಇಷ್ಟಕ್ಕೆ ಎರಡು ಅಷ್ಟುದ್ದದ ಹೆಸರಾ?"

"ಇಷ್ಟೇ ಇಷ್ಟು ಅಂತೀರಲ್ಲ! ಈ ಒಂದು ಗೆರೆ ಮೇಲೆ ಎರಡು ಕುಟುಂಬ ಬೇರೆ ಆಗಿದೆ."

"ಇನ್ನೊಂದು ಸಾರಿ ತೋರಿಸಿ. ಸರಿಯಾಗಿ ಅರ್ಥ ಆಗ್ಲಿಲ್ಲ."

ಅವಳು ಇನ್ನೊಂದು ಸಾರಿ ಹೊರಳಿಸಿದಳು. ಆಮೇಲೆ ಅವನ ಮುಖ ನೋಡಿ, ಚೆನ್ನಾಗಿಯೇ ಅರ್ಥವಾಗಿದೆ ಎಂದು ಗೊತ್ತಾಗಿ ಕೈ ಬಿಟ್ಟಳು. ಅತ್ತ ಹಾಳೆಗೆ ಗಿಡ ಅಂಟಿಸುತ್ತ ಕೂತಿದ್ದ ಸಿಯೋಮಾರಾ ಕೆಮ್ಮಿದಳು. ಮೂವತ್ತು ವರ್ಷದಿಂದ ಅಲ್ಲಿ ಅಂಟು ಕಲಸಿ ಕಾಫಿ ಕಾಸುವ ಹೆಂಗಸು. ಅವಳ ಕಣ್ಣು ತಪ್ಪಿಸಿ ಅಲ್ಲಿ ಏನೂ ನಡೆಯುತ್ತಿರಲಿಲ್ಲ.

"ಎಷ್ಟು ಹೂವು ನೋಡಿದ್ರಿ?" ಎವೆಲಿಯೊ ಕೇಳಿದ.

"ಒಂದು. ನೀವು ಕಳ್ಸಿದ ಪೊಟ್ಟಣದಲ್ಲಿ ಇದ್ದಿದ್ದೇ ಒಂದು ಹೆಣ್ಣು ಹೂವು. ಅದರ ಅಂಡಾಶಯದ ಮೂರು ಕೋಣೇಲಿ ಎರಡನ್ನ ಹುಳ ತಿಂದಿತ್ತು."

"ಸಾಕಾ ಒಂದು?"

"ಸರಿಯಾಗಿ ನೋಡೋರಿಗೆ ಸಾಕು."

ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವಳು ಅವನಿಗೆ ಬೆನ್ನು ಮಾಡಿ ಹಾಳೆ ಜೋಡಿಸತೊಡಗಿದಳು. ಯಾಕೆಂದರೆ ಅವಳಿಗೊಂದು ವಿಷಯ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅಂಡಾಶಯದಿಂದ ಒಂದು ಕೋಣೆಯನ್ನು ಬಿಡಿಸುವ ಮೊದಲು ಕಂಬದ ಕಡೆಗೆ ಒಂದು ಚುಕ್ಕೆ ಶಾಯಿ ಇಡಬೇಕು. ಅದು ಈ ಕೆಲಸದ ಮೊದಲ ಪಾಠ. ಇಟ್ಟಿರಲಿಲ್ಲ ಅವಳು, ಆತುರವಾಗಿತ್ತು. ಬಿಡಿಸಿದ ತುಣುಕು ಗ್ಲಿಸರಿನ್ ಹನಿಯಲ್ಲಿ ಒಂದು ಸುತ್ತು ಹೊರಳಿತು. ಸೂಜಿಯಿಂದ ಅದನ್ನು ಮೊದಲಿನಂತೆಯೇ ಇಟ್ಟೆ ಎಂದುಕೊಂಡಳು. ಇಟ್ಟೆ ಎಂದು ಅಂದುಕೊಳ್ಳುವುದಕ್ಕೆ ಹೊಸ ಕುಲ ಸಿಗುವ ಆಸೆಯೂ ಸೇರಿತ್ತು. ಅಂಡಕ ತಿರುಗಿದ್ದರೆ ಶುಕ್ರವಾರ ಓದುವುದೆಲ್ಲ ಸುಳ್ಳು.

"ಮರ ಈಗ ಹೂ ಬಿಟ್ಟಿದೆ," ಎವೆಲಿಯೊ ಹೇಳಿದ. "ಅದನ್ನ ಹೇಳೋಕೇ ಬಂದೆ. ಇನ್ನು ನಾಲ್ಕು ದಿನ ಇರತ್ತೆ."

"ಹೂವು ತರೋದಲ್ವಾ, ಮಾತು ತಂದಿದ್ದೀರಿ!"

"ತಂದೆ. ನೋಡಿ." ಚೀಲ ತೆರೆದ. ಬರೀ ಎಲೆಯಿದ್ದ ರೆಂಬೆ, ತಳದಲ್ಲಿ ಪುಡಿಯಾದ ಹಳದಿ ಧೂಳು. "ಲಾರಿಯಲ್ಲಿ ಕುಲುಕಿದ್ರೆ ಒಂದೂ ನಿಲ್ಲಲ್ಲ. ಮರವನ್ನ ಮೈಕ್ರೋಸ್ಕೋಪಿನ ಹತ್ರ ತರೋಕಾಗಲ್ಲ. ಮೈಕ್ರೋಸ್ಕೋಪನ್ನ ಮರದ ಹತ್ರ ತಗೊಂಡು ಹೋಗಬಹುದು. ನಾನು ಹೊರ್ತೀನಿ."

"ಬೆಟ್ಟದ ಮೇಲೆ ಕರೆಂಟೆಲ್ಲಿದೆ?"

"ಆ ಹಿತ್ತಾಳೆದು ಇದೆಯಲ್ಲೇ," ಸಿಯೋಮಾರಾ ಅಲ್ಲಿಂದಲೇ ಕೂಗಿದಳು. "ಕನ್ನಡಿಗೆ ಬಿಸಿಲು ಬಿದ್ರೆ ಸಾಕು ಅದಕ್ಕೆ. ಹೋಗಿ ಬಾರೇ ಮಗಳೇ. ತಪ್ಪಾದ್ರೆ ತಪ್ಪು ಅಂತ ಗೊತ್ತಾಗತ್ತೆ, ಸರಿಯಾದ್ರೆ ಇವನ ಬಾಯಿ ಮುಚ್ಚಿಸ್ಬಹುದು. ಹೇಗಿದ್ರೂ ಇವನ ಜೊತೆ ಎರಡು ದಿನ ಸುತ್ತಾಡಿದ ಹಾಗಾಯ್ತು."

"ದೊಡ್ಡಮ್ಮಾ!"

"ಏನು ದೊಡ್ಡಮ್ಮ? ನಂಗೆ ಕಣ್ಣಿಲ್ವಾ?"

ಬುಧವಾರ ಅವರು ನಿಕ್ಕಲ್ ಗಣಿಯ ಲಾರಿಯಲ್ಲಿ ಹೊರಟರು. ಗಣಿ ಕೆಲಸದವರ ನಡುವೆ ಕೂರಲು ಸಿಕ್ಕಿದ್ದು ಒಂದು ಹಲಗೆಯ ತುದಿ. ಎವೆಲಿಯೊ ಹಿತ್ತಾಳೆ ಮೈಕ್ರೋಸ್ಕೋಪನ್ನು ಕಂಬಳಿಯಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಪ್ರತಿ ಹಳ್ಳಕ್ಕೂ ಅವಳ ಭುಜ ಅವನ ಭುಜಕ್ಕೆ ಬಡಿಯುತ್ತಿತ್ತು. ಮೊದಮೊದಲು ಅವಳು ಪ್ರತಿ ಸಾರಿಯೂ ಸರಿದು ಕೂರುತ್ತಿದ್ದಳು. ಸಾಗುವಾ ಊರು ದಾಟಿದ ಮೇಲೆ ಸರಿಯುವುದನ್ನು ಬಿಟ್ಟಳು.

ಬೆಟ್ಟ ಹತ್ತುವಾಗ ಕಾಲಡಿ ಇಟ್ಟಿಗೆ ಪುಡಿಯಂಥ ಮಣ್ಣು, ಸುತ್ತ ಮುಳ್ಳೆಲೆಯ ಕುರುಚಲು. ಅವಳ ಪ್ಯಾಂಟು ಎರಡು ಕಡೆ ಹರಿಯಿತು. ಅವನು ಮುಂದೆ ನಡೆಯುತ್ತ ಮುಳ್ಳು ರೆಂಬೆಗಳನ್ನು ಹಿಡಿದು ದಾರಿ ಬಿಡುತ್ತಿದ್ದ. ಒಂದೊಂದು ಗಿಡದ ಬಳಿಯೂ ನಿಂತು ಅವಳತ್ತ ನೋಡುತ್ತಿದ್ದ.

"ಆರುನೂರ ಹನ್ನೆರಡು," ಎಂದ ಒಂದು ಪೊದೆಯ ಬಳಿ.

"ತಗಡಿನ ಸದ್ದು," ಎಂದಳು ಅವಳು.

ಅವನು ಪಕ್ಕನೆ ತಿರುಗಿದ. "ನೆನಪಿದೆಯಾ?"

"ನಿಮ್ಮ ಸಾವಿರದ ನೂರ ನಲವತ್ತೇಳು ಚೀಟಿ ಎಲ್ಲಾನೂ ನೆನಪಿದೆ. ಬಾಯಿಪಾಠ. ಹಾಗೇನೂ ಉಬ್ಬಬೇಡಿ, ಅದು ನನ್ನ ಕೆಲಸ."

ಅವನು ಉಬ್ಬಿದ. ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಮರ ತುದಿಯ ಬಂಡೆಗಳ ಮಧ್ಯೆ ಇತ್ತು, ಆಳುದ್ದಕ್ಕಿಂತ ಸ್ವಲ್ಪ ಎತ್ತರ. ಎಲೆಗಳು ಕೆಲವು ಕಡೆ ಜೋಡಿ, ಕೆಲವು ಕಡೆ ಒಂಟಿ. ಬಾಕ್ಸ್‌ನ ಎಲೆ ಜೋಡಿ, ನೆಲ್ಲಿ ಬಳಗದ್ದು ಒಂಟಿ; ನೆಲ್ಲಿ ಎಂದು ಅವಳು ನಂಬಿದ್ದರಲ್ಲಿ ಆ ಒಂಟಿ ಎಲೆಗಳ ಪಾಲೂ ಇತ್ತು. ಹಳದಿ ಹೂಗೊಂಚಲುಗಳು ತುಂಬಿದ್ದವು. ಪ್ರತಿ ಗೊಂಚಲಿನಲ್ಲೂ ಸುತ್ತ ಗಂಡು ಹೂವು, ನಡುವೆ ಒಂದೇ ಒಂದು ಹೆಣ್ಣು ಹೂವು. ಎವೆಲಿಯೊ ಬಂಡೆಯ ಮೇಲೆ ಮೈಕ್ರೋಸ್ಕೋಪ್ ಇಟ್ಟು, ಮಂಡಿಯೂರಿ ಕನ್ನಡಿಗೆ ಬಿಸಿಲು ಹಿಡಿದ. ಅವಳು ಈ ಸಾರಿ ರೆಂಬೆಯಲ್ಲಿದ್ದಾಗಲೇ ಹೂವಿನ ಪಕ್ಕೆ ಸೀಳಿ, ಕಂಬದ ಕಡೆಗೆ ಶಾಯಿ ಚುಕ್ಕೆಯಿಟ್ಟು, ಆಮೇಲೆ ಬಿಡಿಸಿ ಮಸೂರದ ಕೆಳಗಿಟ್ಟಳು.

ಬೆನ್ನಿನ ಗೆರೆ ಚುಕ್ಕೆಯ ಕಡೆ ಇರಲಿಲ್ಲ. ಹೊರಗಡೆಗಿತ್ತು.

ಇನ್ನೊಂದು ಹೂವು ಸೀಳಿದಳು. ಹೊರಗಡೆ. ಮೂರನೆಯದು, ನಾಲ್ಕನೆಯದು. ಏಳು ಹೂವು, ಇಪ್ಪತ್ತೊಂದು ಕೋಣೆ, ಒಂದೊಂದರಲ್ಲೂ ಎರಡು ಅಂಡಕ. ನಲವತ್ತೆರಡೂ ಕಂಬಕ್ಕೆ ಬೆನ್ನು ಕೊಡದೆ, ಬೆನ್ನನ್ನು ಹೊರಕ್ಕೆ ಮಾಡಿ ನೇತಾಡುತ್ತಿದ್ದವು. ಕೊನೆಯದನ್ನು ನೋಡುವಾಗ ಅವಳ ಕಣ್ಣಲ್ಲಿ ನೀರಿತ್ತು, ಮಸೂರ ಮಸುಕಾಯಿತು.

ಎವೆಲಿಯೊ ಕನ್ನಡಿ ಹಿಡಿದುಕೊಂಡೇ ಇದ್ದ. "ಏನು ಬರ್ಕೊಳ್ಳಲಿ?" ಎಂದ. ನೋಟ್‌ಬುಕ್ ಅವನ ಮಂಡಿಯ ಮೇಲಿತ್ತು.

"ನೀವೇ ನೋಡಿ."

"ಬೇಡ. ನಂಗೆ ಅದು ತಿಳಿಯಲ್ಲ. ನೀವು ಏನು ಹೇಳ್ತೀರೋ ಅದೇ. ನೆಲ್ಲಿ ಅಂದ್ರೆ ನೆಲ್ಲಿ."

ಒಂದು ಮಾತು ಸಾಕಿತ್ತು. ಆ ಬೆಟ್ಟದ ಮೇಲೆ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ, ಇನ್ನೆರಡು ದಿನಕ್ಕೆ ಹೂವೂ ಇರುವುದಿಲ್ಲ. ಮುಂದಿನ ವರ್ಷದವರೆಗೆ ಹೊಸ ಕುಲ ಅವಳದೇ. ಬೇರೆ ಹೆಂಗಸಾಗಿದ್ದರೆ ಏನು ಮಾಡುತ್ತಿದ್ದಳೋ, ಮಿಗ್ದಾಲಿಯಾಗೆ ಅದು ಸಾಧ್ಯವಿರಲಿಲ್ಲ. ಸೊಕ್ಕು ಅಂದೆನಲ್ಲ, ಸುಳ್ಳಿನ ಮೇಲೆ ತನ್ನ ಹೆಸರು ಕೂರುವುದನ್ನು ಆ ಸೊಕ್ಕು ಸಹಿಸುತ್ತಿರಲಿಲ್ಲ.

"ಬಾಕ್ಸ್ ಅಂತ ಬರ್ಕೊಳ್ಳಿ," ಎಂದಳು. "ಅಪೋಟ್ರೋಪಸ್. ಎಲ್ಲಾನೂ." ಆಮೇಲೆ ಶಾಯಿ ಇಡದಿದ್ದದ್ದು, ಗ್ಲಿಸರಿನ್‌ನಲ್ಲಿ ತುಣುಕು ಹೊರಳಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು, ಎಲ್ಲವನ್ನೂ ಉಸಿರು ಬಿಡದೆ ಹೇಳಿ ಮುಗಿಸಿದಳು. "ನಗಿ ಈಗ. ನೀವೇ ಗೆದ್ರಿ."

ಅವನು ನಗಲಿಲ್ಲ. ಕನ್ನಡಿಯಿಂದ ಕೈ ತೆಗೆದ.

"ನಾನು ಗೆಲ್ಲೋಕೆ ಬರ್ಲಿಲ್ಲ. ಅಭಿಪ್ರಾಯ ಬರೀಬೇಡ ಅಂದ್ರಲ್ಲ, ಆಗ ಸಿಟ್ಟು ಬಂದಿತ್ತು ನಿಜ. ಆಮೇಲೆ ಯೋಚನೆ ಬಂತು, ಇಷ್ಟು ವರ್ಷದಲ್ಲಿ ನನ್ನ ಚೀಟಿನ ಕೊನೇ ಸಾಲಿನ ತನಕ ಓದಿ ಜಗಳ ಮಾಡಿದೋರು ಇವರೊಬ್ರೇ. ಯಾರಪ್ಪಾ ಅಂತ ನೋಡಬೇಕು ಅನ್ನಿಸ್ತು." ಬೂಟಿನ ತುದಿ ನೋಡುತ್ತ ಹೇಳಿದ, "ಜೇನಿನ ವಾಸನೆ, ತಗಡಿನ ಸದ್ದು, ಅದೆಲ್ಲ ಹರ್ಬೇರಿಯಂಗೆ ಬರೀತಿರ್ಲಿಲ್ಲ. ಯಾರೋ ಒಬ್ರು ಓದ್ತಾರೆ ಅಂತ ಬರೀತಿದ್ದೆ."

ಅವಳಿಗೆ ಉತ್ತರ ಗೊತ್ತಿತ್ತು. ಆದರೆ ಈಗ ತಾನೇ ಸೋತವಳು, ಸೋತ ಬಾಯಿಂದ ಆ ಮಾತು ಹೇಳುವುದಿಲ್ಲ ಎಂದು ತುಟಿ ಕಚ್ಚಿಕೊಂಡಳು. ಇಬ್ಬರೂ ಬಂಡೆಯ ಮೇಲೆ ಕೂತು ಪೇರಲ ಹಲ್ವಾ ಮತ್ತು ಬ್ರೆಡ್ಡು ತಿಂದರು. ಕೈ ತಗುಲಿದಾಗ ಯಾರೂ ಹಿಂದಕ್ಕೆಳೆದುಕೊಳ್ಳಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಓದುವ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಹವಾನಾದ ಇಬ್ಬರು ಹಿರಿಯರು, ಪಕ್ಕದಲ್ಲಿ ನಿರ್ದೇಶಕರು, ಹಿಂದೆ ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದ ಸಿಯೋಮಾರಾ. ಗೋಡೆಗೆ ಒರಗಿ ಎವೆಲಿಯೊ, ಒಗೆದ ಅಂಗಿಯಲ್ಲಿ.

ಮಿಗ್ದಾಲಿಯಾ ಎದ್ದು ನಿಂತಳು. "ಹೊಸ ಕುಲ ಇಲ್ಲ," ಎಂದಳು. "ಲೇಖನ ವಾಪಸ್ ತಗೊಳ್ತಿದ್ದೀನಿ. ಇದು ಬಾಕ್ಸ್. ಪ್ರಭೇದ ಹೊಸದು, ಅದರ ವಿವರ ಓದ್ತೀನಿ. ಅಂಡಕದ ದಿಕ್ಕನ್ನ ಮೊದಲು ತಪ್ಪಾಗಿ ಬರೆದಿದ್ದೆ."

ಹವಾನಾದ ಹಿರಿಯರಲ್ಲಿ ಒಬ್ಬರು ಕನ್ನಡಕ ಮೇಲೇರಿಸಿದರು. "ತಪ್ಪಾಗಿದ್ದು ಹೇಗೆ ಡಾಕ್ಟ್ರೇ? ನೀವು ಚೆನ್ನಾಗಿ ಸೀಳ್ತೀರಿ ಅಂತ ಕೇಳಿದ್ವಿ." ಮಾತು ನಯವಾಗಿತ್ತು. ತುಟಿಯ ತುದಿಯಲ್ಲಿ ನಗು ಇತ್ತು.

ಅವಳು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ದನಿ ಬಂತು.

"ತಪ್ಪು ನಂದು ಸರ್. ಎರಡು ಮರದ ಹೂವನ್ನ ಒಂದೇ ಪೊಟ್ಟಣಕ್ಕೆ ಹಾಕ್ಬಿಟ್ಟಿದ್ದೆ. ಅವರು ಸೀಳಿದ್ದು ಬೇರೆ ಮರದ್ದು."

ಕೋಣೆಯಲ್ಲಿ ಗುಸುಗುಸು ಎದ್ದಿತು. ಗಿಡ ಸಂಗ್ರಹಿಸುವವನು ಒಪ್ಪಿಕೊಳ್ಳಬಾರದ ಪಾಪ ಅದೊಂದೇ. ಒಂದು ಪೊಟ್ಟಣ ಕಲೆತಿದೆ ಎಂದರೆ ಉಳಿದ ಸಾವಿರದ ನೂರ ನಲವತ್ತಾರನ್ನೂ ಯಾರೂ ನಂಬುವುದಿಲ್ಲ. ನಾಲ್ಕು ವರ್ಷ ಮುಳ್ಳಿನಲ್ಲಿ ನಡೆದ ಮನುಷ್ಯ ಅದನ್ನೆಲ್ಲ ಅವಳ ಮುಂದೆ ಸುರಿದು ನೆಟ್ಟಗೆ ನಿಂತಿದ್ದ. ನಿರ್ದೇಶಕರು ಆಗಲೇ ಪೆನ್ನು ತೆಗೆದಿದ್ದರು.

ಮಿಗ್ದಾಲಿಯಾಗೆ ಎದೆ ತುಂಬಿ ಬಂತು, ಜೊತೆಗೆ ಉರಿದೂ ಹೋಯಿತು.

"ಕೂತ್ಕೋ ಎವೆಲಿಯೊ!" ಎಂದಳು. ನಿರ್ದೇಶಕರ ಕಡೆ ತಿರುಗಿದಳು. "ಬರ್ಕೋಬೇಡಿ ಸರ್, ಅದು ಸುಳ್ಳು. ಇವನ ಪೊಟ್ಟಣ ಯಾವತ್ತೂ ಕಲೆತಿಲ್ಲ. ನಾನು ಶಾಯಿ ಚುಕ್ಕೆ ಇಡ್ಲಿಲ್ಲ, ತುಣುಕು ಹೊರಳಿತು, ಹೊರಳಿದ್ದು ನಂಗೆ ಗೊತ್ತಿತ್ತು. ಇವನು ನನ್ನನ್ನ ಪ್ರೀತಿಸ್ತಾನೆ, ಅದಕ್ಕೆ ಸುಳ್ಳು ಹೇಳ್ತಿದ್ದಾನೆ. ನಾನೂ ಇವನನ್ನ ಪ್ರೀತಿಸ್ತೀನಿ. ಅದಕ್ಕೇ ನಿಜ ಹೇಳ್ತಿದ್ದೀನಿ."

ಸಿಯೋಮಾರಾಳ ತಟ್ಟೆಯಲ್ಲಿ ಕಪ್ಪುಗಳು ಕಿಣಿಕಿಣಿ ಎಂದವು. "ಅಂತೂ ಹೇಳಿದ್ಲಪ್ಪಾ!" ಎಂದು ಅವಳು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು.

ಎವೆಲಿಯೊಗೆ ಕೂರಲು ಕುರ್ಚಿಯೇ ಇರಲಿಲ್ಲ. ಕಿವಿ ಕೆಂಪಾಗಿ ಗೋಡೆಗೆ ಅಂಟಿಕೊಂಡು ನಿಂತ.

ಹರ್ಬೇರಿಯಂನಲ್ಲಿ ಒಂದು ಕಟ್ಟಳೆ ಉಂಟು. ಒಮ್ಮೆ ಅಂಟಿಸಿದ ಚೀಟಿಯನ್ನು ಯಾರೂ ಕೀಳುವಂತಿಲ್ಲ. ತಪ್ಪಿದ್ದರೆ ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ ಹೆಸರು, ವರ್ಷ ಬರೆಯಬೇಕು. ಹಳೆಯದು ಅಲ್ಲೇ ಇರುತ್ತದೆ, ನೂರು ವರ್ಷವಾದರೂ. ಸಾಮಾನ್ಯವಾಗಿ ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಾರೆ. ಅವಳು ಎಲ್ಲರೆದುರಿಗೆ ಆ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, "ಎಂ. ರೋಹಾಸ್, ೧೯೮೨" ಎಂದಿದ್ದ ತನ್ನದೇ ಚೀಟಿಯ ಪಕ್ಕದಲ್ಲಿ "ಎಂ. ರೋಹಾಸ್, ೧೯೮೩" ಎಂದು ಬರೆದ ಚೀಟಿಯನ್ನು ಅಂಟಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ತಲೆ ತಗ್ಗಿಸಲಿಲ್ಲ. ಆಮೇಲೆ ಹೊಸ ಬಾಕ್ಸ್ ಪ್ರಭೇದದ ವಿವರವನ್ನು ಮೊದಲಿನಿಂದ ಕೊನೆಯವರೆಗೆ ಸ್ಪಷ್ಟ ದನಿಯಲ್ಲಿ ಓದಿದಳು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವಳು ಯಾವತ್ತೂ ಓದಿರಲಿಲ್ಲ.

ಮುಗಿದಾಗ, ಪ್ರಶ್ನೆ ಕೇಳಿದ್ದ ಹವಾನಾದ ಹಿರಿಯರು ನಗುತ್ತಿರಲಿಲ್ಲ. ಅವರು ಎದ್ದು ಬಂದು ಹಾಳೆಯ ಮೇಲೆ ಬಗ್ಗಿ, ಎರಡೂ ಚೀಟಿಗಳನ್ನು ಬಹಳ ಹೊತ್ತು ನೋಡಿದರು.

"ಒಳ್ಳೇ ಕೆಲಸ," ಎಂದರು. "ಆದ್ರೆ ಹಣ್ಣಿನ ವಿವರ ಇಲ್ವಲ್ಲ. ಹಣ್ಣು ಯಾವಾಗ ಬಿಡತ್ತೆ?"

"ಜುಲೈನಲ್ಲಿ," ಗೋಡೆಯ ಕಡೆಯಿಂದ ಎವೆಲಿಯೊ ಹೇಳಿದ.

"ಯಾರು ಹೋಗಿ ನೋಡ್ತೀರಿ?"

ಮಿಗ್ದಾಲಿಯಾ ಅವನತ್ತ ನೋಡಿದಳು. ಎಲ್ಲರೂ ನೋಡುತ್ತಿದ್ದರೂ ಕಣ್ಣು ತೆಗೆಯಲಿಲ್ಲ.

"ಇಬ್ರೂ ಹೋಗ್ತೀವಿ ಸರ್," ಎಂದಳು. "ಅಷ್ಟು ಹೊತ್ತಿಗೆ ನಮ್ಮ ಮನೆ ಅಲ್ಲೇ ಬೆಟ್ಟದ ಕೆಳಗೇ ಇರತ್ತೆ."